‘ವಾಮಾಚಾರ’ಕ್ಕೆ ಬೇರೆ ಪದ ಇದೆಯೇ?

ತಾಂತ್ರಿಕ ಪೂಜೆಯ ಕುರಿತ ಲೇಖನವೊಂದನ್ನು ಕನ್ನಡಕ್ಕೆ ತರುತ್ತಿದ್ದೇನೆ. ‘ವಾಮಾಚಾರ’ ಎಂದು ಬರೆದು ದಾವಣಗೆರೆಯ ಗೆಳೆಯರೊಬ್ಬರಿಗೆ ತೋರಿಸಿದರೆ, ಮೊದಲ ಪುಟದಲ್ಲೇ “ಯಾರಿಗೆ ಮಾಡಿಸಿದರಂತೆ?” ಎಂದು ಕೇಳಿದರು. ಅವರನ್ನು ದೂರಿ ಫಲವಿಲ್ಲ. ಮೂರು ದಾರಿ ಕೂಡುವಲ್ಲಿ ಕುಂಕುಮ ಬಳಿದ ಕುಂಬಳಕಾಯಿ, ಮೊಳೆ ಚುಚ್ಚಿದ ನಿಂಬೆಹಣ್ಣು, ಹಿಟ್ಟಿನ ಗೊಂಬೆ ಕಂಡರೆ ಸಾಕು, ಮರುದಿನದ ಜಿಲ್ಲಾ ಪುಟದಲ್ಲಿ ‘ವಾಮಾಚಾರ ಶಂಕೆ’ ಎಂಬ ತಲೆಬರಹ ಸಿದ್ಧ. ಇದಕ್ಕೆ ಶಾಸ್ತ್ರದ ಹೆಸರು ಅಭಿಚಾರ, ಜನರ ಬಾಯಲ್ಲಿ ಮಾಟ. ಕುಲಾರ್ಣವ ತಂತ್ರವೆಂಬ ತಾಂತ್ರಿಕ ಗ್ರಂಥ ಹೇಳುವ ಏಳು ಆಚಾರಗಳಲ್ಲಿ, ಅಂದರೆ ಸಾಧನೆಯ ಮೆಟ್ಟಿಲುಗಳಲ್ಲಿ, ದಕ್ಷಿಣದ ಮೇಲೆ, ಸಿದ್ಧಾಂತ ಮತ್ತು ಕೌಲಗಳ ಕೆಳಗೆ ನಿಲ್ಲುವ ವಾಮಕ್ಕೂ ಈ ನಿಂಬೆಹಣ್ಣಿಗೂ ಏನು ಸಂಬಂಧ? ಅಲ್ಲಿರುವುದು ಮದ್ಯ, ಮಾಂಸ, ಮತ್ಸ್ಯ, ಮುದ್ರೆ, ಮೈಥುನಗಳನ್ನು ಪೂಜೆಯ ಅಂಗವಾಗಿಸಿಕೊಂಡ, ದೀಕ್ಷೆ ಪಡೆದವರಿಗೆ ಮೀಸಲಾದ ಸಾಧನೆ.

ಬದಲಿ ಪದ ಹುಡುಕಹೊರಟರೆ ಒಂದೊಂದಕ್ಕೂ ಒಂದೊಂದು ತೊಡಕು. ‘ವಾಮಮಾರ್ಗ’ ಎಂದರೆ ಇಂದು ಲಂಚ ಕೊಟ್ಟು ನೌಕರಿ ಗಿಟ್ಟಿಸಿದ ದಾರಿ. ‘ಎಡಪಂಥ’ ಎಂದು ಬರೆದರೆ, ಹತ್ತಿ ಗಿರಣಿಗಳ ಕಾಲದಲ್ಲಿ ಕೆಂಬಾವುಟ ಹಾರಿದ ದಾವಣಗೆರೆಯಲ್ಲಿ ನಗೆಪಾಟಲಾಗುತ್ತದೆ. ‘ಎಡಗೈ ಮಾರ್ಗ’ ಎಂಬ ಸಲಹೆಯೂ ಬಂತು. ದಾವಣಗೆರೆ, ಚಿತ್ರದುರ್ಗದ ಕಡೆ ಎಡಗೈ, ಬಲಗೈ ಎಂದರೆ ಸಮುದಾಯಗಳ ಹೆಸರು, ಒಳಮೀಸಲಾತಿಯ ಹೋರಾಟದ ಮಾತು. ಆ ಪದವನ್ನು ತಂದು ಇಲ್ಲಿ ಕೂರಿಸುವುದನ್ನು ನಾನಂತೂ ಒಪ್ಪಲಾರೆ. ‘ಕೌಲ’ ಕಿವಿಗೆ ಹಿತವಾಗಿದೆ, ಆದರೆ ಮೇಲಿನ ಏಳರಲ್ಲಿ ಅದು ಬೇರೆಯೇ ಮೆಟ್ಟಿಲು.

ಲೇಖನದ ಬೌದ್ಧ ಭಾಗಕ್ಕೆ ಬಂದರೆ ತೊಡಕು ಇನ್ನೊಂದು ಬಗೆಯದು. ಚಕ್ರಸಂವರ ತಂತ್ರವೆಂಬ ಬೌದ್ಧ ಗ್ರಂಥದಲ್ಲಿ ವಾಮಾಚಾರವೆಂದರೆ ನಿಜಕ್ಕೂ ಎಡದ ನಡೆ; ಎಡಗಾಲು, ಎಡಗೈಗಳಿಗೇ ಮೊದಲ ಮಣೆ. ‘ವಾಮಾ’ ಎಂದರೆ ಹೆಣ್ಣು ಎಂದೂ ಅರ್ಥವಿರುವುದರಿಂದ, ಎಡಕ್ಕೆ ಸಂದ ಗೌರವ ಯೋಗಿನಿಗೆ ಸಂದ ಗೌರವವೂ ಹೌದು. ‘ಮುದ್ರೆ’ಯ ಪಾಡು ಕೇಳುವುದೇ ಬೇಡ: ಶಕ್ತಿಯ ಆರಾಧಕರಾದ ಶಾಕ್ತರ ಪಂಚಮಕಾರದಲ್ಲಿ (ಮೇಲೆ ಹೇಳಿದ ಮದ್ಯಾದಿ ಐದರಲ್ಲಿ) ಹುರಿದ ಧಾನ್ಯ, ಬೌದ್ಧ ತಂತ್ರದಲ್ಲಿ ಸಾಧಕನ ಸಂಗಾತಿಯಾದ ಸ್ತ್ರೀ. ನಮ್ಮ ಓದುಗರಿಗೋ ಭರತನಾಟ್ಯದ ಹಸ್ತ, ಇಲ್ಲವೇ ಕಚೇರಿಯ ಮೊಹರು. ಇಲ್ಲಿ ‘ಹುರಿಧಾನ್ಯ’, ‘ಕರ್ಮಮುದ್ರೆ’ ಎಂದು ಬಿಡಿಸಿ ಬರೆದಿದ್ದೇನೆ.

ಸದ್ಯ ‘ವಾಮಾಚಾರ’ವನ್ನೇ ಉಳಿಸಿಕೊಂಡು, ಮೊದಲ ಬಾರಿ ಬಂದಾಗ ‘ಮಾಟವಲ್ಲ’ ಎಂದು ಅಡಿಟಿಪ್ಪಣಿ ಹಾಕುವ ಯೋಚನೆಯಿದೆ. ಹಳಗನ್ನಡ ಕಾವ್ಯ, ಶಾಸನ, ವಚನಗಳಲ್ಲಿ ‘ವಾಮ’ ಈ ಅರ್ಥದಲ್ಲಿ ಬಂದದ್ದನ್ನು ಬಲ್ಲವರು ಸಾಲುಸಹಿತ ತಿಳಿಸಬೇಕು. ಜಗಳೂರು, ಮೊಳಕಾಲ್ಮುರು ಸೀಮೆಯಲ್ಲಿ ಮಾಟಕ್ಕೆ ಬೇರೆ ಹೆಸರಿದ್ದರೆ ಅದೂ ಬೇಕು.