ಪದಚರ್ಚೆ: ‘ಆರ್ಥಿಕ ಏಕೀಕರಣ’, ‘ಸಾರ್ವಜನಿಕ ಸಮಾಲೋಚನೆ’ – ಇವಕ್ಕೆ ಬೇರೆ ಮಾತು ಇದೆಯಾ?

ಎಲ್ಲರಿಗೂ ನಮಸ್ಕಾರ.

ಮಂಗಳೂರಿನಲ್ಲಿ ಪರಿಚಯದ ಕೆಲವು ಅಡಿಕೆ ಕೃಷಿಕರು ವ್ಯಾಪಾರ ಒಪ್ಪಂದಗಳ ಬಗ್ಗೆ ಒಂದು ಕಿರುಪುಸ್ತಿಕೆ ತರುತ್ತಿದ್ದಾರೆ. ಇಂಗ್ಲಿಷ್ ಟಿಪ್ಪಣಿಗಳನ್ನು ಕನ್ನಡಕ್ಕೆ ತರುವ ಕೆಲಸ ನನ್ನ ಪಾಲಿಗೆ ಬಂದಿದೆ. ಹೆಚ್ಚಿನದು ಸಲೀಸಾಗಿ ಸಾಗಿತು. ಒಂದು ತಲೆಬರಹ ಮಾತ್ರ ಕೈ ಕೊಟ್ಟಿದೆ. ನಿಘಂಟು ಹಿಡಿದು ಮಾಡಿದರೆ ಅದು ಹೀಗೆ ಬರುತ್ತದೆ: ‘ಸಾರ್ವಜನಿಕ ಸಮಾಲೋಚನೆಯಿಲ್ಲದ ಗಡಿಯಾಚೆಯ ಆರ್ಥಿಕ ಏಕೀಕರಣಕ್ಕೆ ನಾಗರಿಕರ ವಿರೋಧ’. ವ್ಯಾಕರಣದಲ್ಲಿ ಏನೂ ಕುಂದಿಲ್ಲ. ಆದರೆ ಇದನ್ನು ಓದಿ ಹೇಳಿದಾಗ ಹಿರಿಯ ಕೃಷಿಕರೊಬ್ಬರು, ‘ಯಾಕೆ, ಕೇರಳದವರ ಜೊತೆ ಏನಾದ್ರೂ ಗಲಾಟೆಯಾ?’ ಅಂತ ಕೇಳಿದರು.

ಅವರು ಕೇಳಿದ್ದು ಸರಿಯೇ. ಮಂಗಳೂರಿನಲ್ಲಿ ಗಡಿ ಅಂದರೆ ತಲಪಾಡಿ. 2020ರ ಲಾಕ್‌ಡೌನಿನಲ್ಲಿ ಅಲ್ಲಿ ರಸ್ತೆ ಮುಚ್ಚಿ, ಕಾಸರಗೋಡಿನ ರೋಗಿಗಳು ಮಂಗಳೂರಿನ ಆಸ್ಪತ್ರೆಗೆ ಬರಲಾಗದೆ, ವಿಷಯ ಸುಪ್ರೀಂ ಕೋರ್ಟಿನವರೆಗೆ ಹೋದದ್ದು ಇಲ್ಲಿ ಯಾರೂ ಮರೆತಿಲ್ಲ. ಹಾಗಾಗಿ ‘ಗಡಿ’ಯನ್ನು ಕೈಬಿಟ್ಟು ‘ದೇಶ ದೇಶಗಳ ನಡುವಿನ’ ಅಂತ ಹಾಕಿದ್ದೇನೆ. ‘ನಾಗರಿಕ’ವೂ ಹೋಯಿತು. ಅಡಿಕೆ ಸುಲಿಯುವವರು ತಮ್ಮನ್ನು ನಾಗರಿಕರು ಅಂತ ಕರೆದುಕೊಂಡದ್ದನ್ನು ನಾನು ಕೇಳಿಲ್ಲ. ‘ಜನರ ವಿರೋಧ’ ಸಾಕು.

ತೊಡಕಿರುವುದು ‘ಏಕೀಕರಣ’ದಲ್ಲಿ, ಅಂದರೆ ದೇಶಗಳ ಮಾರುಕಟ್ಟೆಗಳನ್ನು ಒಂದಕ್ಕೊಂದು ಬೆಸೆಯುವುದಕ್ಕೆ ಇಟ್ಟ ಪದದಲ್ಲಿ. ಕನ್ನಡದವರ ಕಿವಿಗೆ ಏಕೀಕರಣ ಅಂದರೆ 1956ರ ನವೆಂಬರ್ 1. ಜನ ಸಭೆ ಸೇರಿ, ಬೀದಿಗಿಳಿದು, ಹಟ ಹಿಡಿದು ಪಡೆದದ್ದು ಅದು. ನಮ್ಮ ಕಡೆ ಆ ಪದಕ್ಕೆ ಇನ್ನೊಂದು ನೋವಿನ ಎಳೆಯೂ ಇದೆ. ಕಾಸರಗೋಡು ಆ ದಿನ ಕೇರಳಕ್ಕೆ ಸೇರಿತು. ಚಂದ್ರಗಿರಿ ಹೊಳೆಯ ಉತ್ತರದ ಭಾಗವನ್ನು ಕರ್ನಾಟಕಕ್ಕೆ ಕೊಡಬೇಕು ಅಂತ 1967ರಲ್ಲಿ ರಾಜ್ಯಗಳ ಗಡಿ ವಿವಾದ ನೋಡಿದ ಮಹಾಜನ ಆಯೋಗ ಹೇಳಿದರೂ ಏನೂ ಆಗಲಿಲ್ಲ. ಅಲ್ಲಿನ ಕನ್ನಡಿಗರಿಗೆ ಏಕೀಕರಣ ಅರ್ಧಕ್ಕೆ ನಿಂತ ಕೆಲಸ. ಇಂಥ ಪದದ ಪಕ್ಕದಲ್ಲಿ ‘ವಿರೋಧ’ ಅಂತ ಬರೆದರೆ ವಿರೋಧಿಸುವವನೇ ಖಳನಾಗಿ ಕಾಣುತ್ತಾನೆ. ಜನ ಕೇಳಿ ಪಡೆದದ್ದರ ಹೆಸರನ್ನು, ಜನರನ್ನು ಕೇಳದೆ ಮಾಡಿದ್ದಕ್ಕೆ ಇಡುವುದು ನನಗೆ ಒಪ್ಪಿಗೆಯಾಗುತ್ತಿಲ್ಲ.

ಒಬ್ಬರು ‘ವಿಲೀನ’ ಅನ್ನಿ ಅಂದರು. ಮಂಗಳೂರು, ಉಡುಪಿಯಲ್ಲಿ ಆ ಪದ ಬ್ಯಾಂಕಿನವರದ್ದು. 2019ರ ಏಪ್ರಿಲ್ 1ಕ್ಕೆ ವಿಜಯಾ ಬ್ಯಾಂಕ್ ಹೋಗಿ ಬ್ಯಾಂಕ್ ಆಫ್ ಬರೋಡಾ ಸೇರಿತು. ಮರುವರ್ಷ ಅದೇ ತಾರೀಕಿಗೆ ಕಾರ್ಪೊರೇಷನ್ ಬ್ಯಾಂಕ್ ಯೂನಿಯನ್ ಬ್ಯಾಂಕಿನೊಳಗೆ, ಸಿಂಡಿಕೇಟ್ ಬ್ಯಾಂಕ್ ಕೆನರಾ ಬ್ಯಾಂಕಿನೊಳಗೆ ಸೇರಿಕೊಂಡವು. ಇದೇ ಮಣ್ಣಲ್ಲಿ ಹುಟ್ಟಿದ ಮೂರು ಬ್ಯಾಂಕುಗಳ ಬೋರ್ಡು ಇಳಿಯಿತು. ವಿಲೀನ ಅಂದಕೂಡಲೇ ಇಲ್ಲಿನವರು ‘ಹೆಸರೇ ಹೋಯ್ತಲ್ಲ’ ಅನ್ನುವುದು ಅದಕ್ಕೇ. ವ್ಯಾಪಾರ ಒಪ್ಪಂದದಲ್ಲಿ ಯಾರ ಹೆಸರೂ ಹೋಗುವುದಿಲ್ಲ. ಸುಂಕ ಇಳಿಯುತ್ತದೆ, ಗುಣಮಟ್ಟದ ನಿಯಮ ಒಂದೇ ಆಗುತ್ತದೆ, ಆ ದೇಶದ ಕಂಪನಿ ಈ ದೇಶದಲ್ಲಿ ಅಂಗಡಿ ತೆರೆಯಬಹುದು. ದೇಶ ಅಲ್ಲೇ ಇರುತ್ತದೆ, ಧಾರಣೆ ಮಾತ್ರ ಅಲುಗಾಡುತ್ತದೆ.

ನನ್ನ ಕೈಗೆ ಸಿಕ್ಕಿದ್ದು ‘ಮಾರುಕಟ್ಟೆ ಜೋಡಣೆ’. ಆಧಾರ್ ಜೋಡಣೆ, ನದಿ ಜೋಡಣೆ ಅಂತ ಈಗಾಗಲೇ ಬಾಯಿಯಲ್ಲಿ ಓಡಾಡುವ ಪದ. ನೇತ್ರಾವತಿ ನೀರು ತಿರುಗಿಸುವ ಜಗಳ ಕಂಡವರಿಗೆ ಎರಡನ್ನು ಜೋಡಿಸಿದರೆ ಯಾವ ಕಡೆಯಿಂದ ಯಾವ ಕಡೆಗೆ ಹರಿಯುತ್ತದೆ ಅನ್ನುವ ಪ್ರಶ್ನೆ ತಾನಾಗಿಯೇ ಬರುತ್ತದೆ. ಅದೇ ನನಗೆ ಬೇಕಾದದ್ದು. ಕೃಷಿಕರಲ್ಲೊಬ್ಬರು ‘ಜೋಡಣೆಯೂ ಬೇಡ, ಬೆರಕೆ ಅಂತ ಬರೀರಿ ಮಾರಾಯ್ರೆ’ ಅಂದರು. ಹೊರಗಿನ ಅಡಿಕೆಯನ್ನು ನಮ್ಮ ಅಡಿಕೆಯೊಳಗೆ ಸೇರಿಸಿ ಮಾರುವುದಕ್ಕೆ ಅವರು ಹೇಳುವ ಮಾತು ಅದು. ತಮಾಷೆಗೆ ಚೆನ್ನಾಗಿದೆ, ಪುಸ್ತಿಕೆಯ ಮುಖಪುಟಕ್ಕೆ ಸ್ವಲ್ಪ ಜಾಸ್ತಿಯಾಯಿತು.

ಇನ್ನು ‘ಸಮಾಲೋಚನೆ’. ಈ ಪದ ಕೇಳಿದರೆ ನನಗೆ ಕಾಣುವುದು ಉದ್ದನೆಯ ಮೇಜು, ನೀರಿನ ಬಾಟಲಿ, ಸುತ್ತ ಅಧಿಕಾರಿಗಳು. ಇಲ್ಲದಿದ್ದರೆ ಆಪ್ತಸಮಾಲೋಚನೆ. ಜನರ ವಾಸನೆ ಅದಕ್ಕಿಲ್ಲ. ‘ಅಹವಾಲು’ ಇದೆ. ಕರಾವಳಿಯಲ್ಲಿ ಇದು ಎಲ್ಲರಿಗೂ ಗೊತ್ತಿರುವ ಪದ. ದೊಡ್ಡ ಕಾರ್ಖಾನೆ, ವಿದ್ಯುತ್ ಸ್ಥಾವರ ಬರುವಾಗ 2006ರ ಸೆಪ್ಟೆಂಬರ್ 14ರ ಪರಿಸರ ಅಧಿಸೂಚನೆಯ ಪ್ರಕಾರ ಸಾರ್ವಜನಿಕ ಅಹವಾಲು ಸಭೆ ಕರೆಯಬೇಕು, ಕಡಿಮೆ ಎಂದರೆ 30 ದಿನ ಮೊದಲು ತಿಳಿಸಬೇಕು. ಆದರೆ ಅಹವಾಲು ಅಂದರೆ ಕೆಳಗಿನವರು ಮೇಲಿನವರಿಗೆ ಒಪ್ಪಿಸುವುದು. ನಾವು ಹೇಳಬೇಕಾದದ್ದು ಮೇಲಿನವರು ಕೆಳಗೆ ಬಂದು ಕೇಳಬೇಕಿತ್ತು ಅನ್ನುವ ವಿಷಯ. ‘ಅಭಿಪ್ರಾಯ ಸಂಗ್ರಹ’ ತೀರಾ ಸಪ್ಪೆ.

ಹೀಗೆ ಹುಡುಕುತ್ತಾ ಬಂದು ನಿಂತದ್ದು ‘ಕೇಳು’ ಎನ್ನುವ ಸಾದಾ ಕ್ರಿಯಾಪದದ ಮುಂದೆ. ಪ್ರಶ್ನೆ ಕೇಳುವುದೂ ಕೇಳುವುದೇ, ಕಿವಿಗೊಡುವುದೂ ಕೇಳುವುದೇ, ‘ಅವನು ಮಾತು ಕೇಳಲ್ಲ’ ಅಂದಾಗ ಹೇಳಿದಂತೆ ನಡೆಯುವುದೂ ಕೇಳುವುದೇ. ತುಳುವಿನ ‘ಕೇಣುನಿ’ಯೂ ಪ್ರಶ್ನೆಗೂ ಕಿವಿಗೂ ಸಲ್ಲುತ್ತದೆ. ಸರ್ಕಾರಗಳು ಮೊದಲನೆಯದನ್ನು ಮಾಡಿ ಮೂರನೆಯದನ್ನೂ ಮಾಡಿದ ಹಾಗೆ ತೋರಿಸುತ್ತವೆ. ಅಹವಾಲು ಸಭೆಗಳ ಬಗ್ಗೆ ಜನ ‘ಕೇಳಿದರು, ಆದರೆ ಕೇಳಲಿಲ್ಲ’ ಅನ್ನುವುದು ಇದನ್ನೇ ಅಲ್ವಾ?

ವ್ಯಾಪಾರ ಒಪ್ಪಂದಗಳಲ್ಲಿ ಮೊದಲನೆಯದಕ್ಕೇ ಗತಿಯಿಲ್ಲ. ನಮ್ಮ ಸಂವಿಧಾನದ ಏಳನೇ ಅನುಸೂಚಿ ತೆಗೆದು ನೋಡಿ. ವಿದೇಶಗಳ ಜೊತೆ ಒಪ್ಪಂದ ಮಾಡುವುದು ಕೇಂದ್ರ ಪಟ್ಟಿಯ 14ನೇ ನಮೂದು. ಕೃಷಿ ರಾಜ್ಯ ಪಟ್ಟಿಯ 14ನೇ ನಮೂದು. ತೋಟ ರಾಜ್ಯದ್ದು, ತೋಟದ ಫಸಲಿನ ಎದುರಾಳಿಯನ್ನು ಒಳಗೆ ಬಿಡುವ ಬಾಗಿಲು ಕೇಂದ್ರದ್ದು. ಸಹಿ ಹಾಕುವ ಮೊದಲು ಸಂಸತ್ತಿನಲ್ಲಿ ಮತಕ್ಕೆ ಹಾಕಲೇಬೇಕು ಅಂತಲೂ ಇಲ್ಲ. ಆಗ್ನೇಯ ಏಷ್ಯಾದ ಆಸಿಯಾನ್ ಕೂಟದ ದೇಶಗಳ ಜೊತೆ 2009ರ ಆಗಸ್ಟಿನಲ್ಲಿ ವ್ಯಾಪಾರ ಒಪ್ಪಂದಕ್ಕೆ ಸಹಿಯಾಯಿತು. ಕರಿಮೆಣಸಿನ ಸುಂಕವನ್ನು ಶೇ 70ರಿಂದ ಹಂತ ಹಂತವಾಗಿ ಶೇ 50ಕ್ಕೆ ಇಳಿಸುವುದು ಅದರಲ್ಲಿತ್ತು. ಎರಡೇ ತಿಂಗಳಲ್ಲಿ, ಗಾಂಧಿ ಜಯಂತಿಯ ದಿನ, ಕೇರಳದಲ್ಲಿ ಎಡರಂಗದವರು ಕಾಸರಗೋಡಿನಿಂದ ತಿರುವನಂತಪುರದವರೆಗೆ ಮಾನವ ಸರಪಳಿ ಕಟ್ಟಿದರು. 2022ರಲ್ಲಿ ಭೂತಾನಿನಿಂದ ವರ್ಷಕ್ಕೆ 17,000 ಟನ್ ಹಸಿ ಅಡಿಕೆಯನ್ನು ಕನಿಷ್ಠ ಆಮದು ಬೆಲೆಯ (ಅದಕ್ಕಿಂತ ಅಗ್ಗಕ್ಕೆ ತರುವಂತಿಲ್ಲ ಎಂಬ) ಷರತ್ತಿಲ್ಲದೆ ತರಬಹುದು ಅಂತ ಆದೇಶ ಬಂದದ್ದು ಒಂದು ಅಧಿಸೂಚನೆಯಲ್ಲಿ. ಆಮೇಲೆ 2023ರ ಫೆಬ್ರವರಿಯಲ್ಲಿ ಆ ಕನಿಷ್ಠ ಬೆಲೆಯನ್ನು ಕಿಲೋಗೆ 251ರಿಂದ 351 ರೂಪಾಯಿಗೆ ಏರಿಸಿದ್ದೂ ಅಧಿಸೂಚನೆಯಲ್ಲೇ. ಒಂದು ಕಹಿ, ಒಂದು ಸಿಹಿ. ಎರಡನ್ನೂ ಕೃಷಿಕರು ಓದಿದ್ದು ಪೇಪರಿನಲ್ಲಿ. ಗಲಾಟೆ ಜೋರಾದರೆ ಫಲವಿದೆ ಅನ್ನುವುದಕ್ಕೂ ಉದಾಹರಣೆ ಇದೆ ಅನ್ನಿ. ಹೈನುಗಾರರು, ಕೃಷಿಕರು ದೇಶದುದ್ದಕ್ಕೂ ಎದ್ದು ನಿಂತ ಮೇಲೆ 2019ರ ನವೆಂಬರ್ 4ರಂದು ಭಾರತ, ಏಷ್ಯಾ-ಪೆಸಿಫಿಕ್ ದೇಶಗಳ ವ್ಯಾಪಾರ ಒಪ್ಪಂದವಾದ ಆರ್‌ಸಿಇಪಿಯಿಂದ ಹೊರಗುಳಿಯಿತು.

ಪುಸ್ತಿಕೆಯಲ್ಲಿ ಹೊರದೇಶದ ಕತೆಗಳೂ ಇವೆ. ಅಮೆರಿಕ, ಕೆನಡಾ, ಮೆಕ್ಸಿಕೊ 2005ರಲ್ಲಿ ‘ಭದ್ರತೆ ಮತ್ತು ಸಮೃದ್ಧಿಯ ಪಾಲುದಾರಿಕೆ’ ಅಂತ ಒಂದನ್ನು ಶುರು ಮಾಡಿದವು. ಅದು ಒಪ್ಪಂದವೇ ಅಲ್ಲ, ಹಾಗಾಗಿ ಸಂಸತ್ತಿಗೆ ತರಬೇಕಾಗಿಲ್ಲ ಅನ್ನುವ ಜಾಣತನ. ಮರುವರ್ಷ ದೊಡ್ಡ ಕಂಪನಿಗಳ ಮುಖ್ಯಸ್ಥರ ಸಲಹಾ ಮಂಡಳಿಯೊಂದು ಬಂತು. ಅಂದರೆ ಕೇಳಿದ್ದು ನಿಜ, ಕೇಳಿದ್ದು ಅವರನ್ನು. ಕೆನಡಾದ ಮೊಂಟೆಬೆಲ್ಲೊದಲ್ಲಿ 2007ರ ಆಗಸ್ಟಿನಲ್ಲಿ ಮೂವರು ನಾಯಕರು ಸೇರಿದಾಗ ಹೊರಗೆ ಜನ ಸೇರಿದರು. 2009ರಲ್ಲಿ ಇಡೀ ಏರ್ಪಾಟನ್ನು ಸದ್ದಿಲ್ಲದೆ ಕೈಬಿಟ್ಟರು. ಇಲ್ಲಿ ‘ಸಮಾಲೋಚನೆ ಇರಲಿಲ್ಲ’ ಅಂತ ಬರೆದರೆ ಸುಳ್ಳಾಗುತ್ತದೆ. ‘ಜನರನ್ನು ಕೇಳಲಿಲ್ಲ’ ಅಂದರೆ ಸರಿಹೋಗುತ್ತದೆ.

ತೈವಾನಿನದ್ದು ಇನ್ನೂ ಕಷ್ಟ. ಚೀನಾ ಜೊತೆಗಿನ ಸೇವಾ ವ್ಯಾಪಾರ ಒಪ್ಪಂದದ ಪರಿಶೀಲನೆ ಮುಗಿಯಿತು ಅಂತ 2014ರ ಮಾರ್ಚ್ 17ರಂದು ಸಮಿತಿಯ ಸಭೆ ನಡೆಸುತ್ತಿದ್ದವರು ಅರ್ಧ ನಿಮಿಷದಲ್ಲಿ ಘೋಷಿಸಿಬಿಟ್ಟರು. ಮಾರನೇ ರಾತ್ರಿ ವಿದ್ಯಾರ್ಥಿಗಳು ಶಾಸನಸಭೆಯೊಳಗೆ ನುಗ್ಗಿ ಏಪ್ರಿಲ್ 10ರವರೆಗೆ ಅಲ್ಲೇ ಕೂತರು. ಅವರ ಕೂಗು ‘ಕಪ್ಪು ಪೆಟ್ಟಿಗೆ ಬೇಡ’ ಅಂತ. ಒಳಗೇನಿದೆ ಅಂತ ತೋರಿಸದ ವ್ಯವಹಾರಕ್ಕೆ ಅವರ ಭಾಷೆಯಲ್ಲಿ ಹಾಗೆ ಹೇಳುತ್ತಾರೆ. ಇದನ್ನು ಮಂಗಳೂರಿನಲ್ಲಿ ಹಾಗೇ ಅಚ್ಚು ಹಾಕುವುದು ಸಾಧ್ಯವಿಲ್ಲ. ಇಲ್ಲಿ ಕಪ್ಪು ಪೆಟ್ಟಿಗೆ ಅಂದರೆ 2010ರ ಮೇ 22ರ ವಿಮಾನ ದುರಂತ. ದಿನಗಟ್ಟಲೆ ಪೇಪರಿನಲ್ಲಿ ಬಂದ ಪದ. ‘ಮುಚ್ಚುಮರೆಯ ಒಪ್ಪಂದ’ ಅಂತ ಸದ್ಯಕ್ಕೆ ಹಾಕಿದ್ದೇನೆ. ಕೂಗಿಗೆ ಬೇಕಾದ ಬಿಸಿ ಅದರಲ್ಲಿಲ್ಲ.

ಈಗ ತಲೆಬರಹ ಹೀಗೆ ನಿಂತಿದೆ: ‘ಹೇಳದೆ ಕೇಳದೆ ಮಾರುಕಟ್ಟೆ ಜೋಡಣೆ: ದೇಶ ದೇಶಗಳಲ್ಲಿ ಜನರ ವಿರೋಧ’. ‘ಹೇಳದೆ ಕೇಳದೆ’ ನನಗೆ ತುಂಬಾ ಹಿಡಿಸಿದೆ. ಮಾಹಿತಿ ಕೊಡಲಿಲ್ಲ, ಅಭಿಪ್ರಾಯವನ್ನೂ ಕೇಳಲಿಲ್ಲ, ಎರಡೂ ಅದರಲ್ಲೇ ಬಂತು. ಆದರೆ ಸಂಪಾದನೆ ಮಾಡುವವರು ಒಪ್ಪುತ್ತಿಲ್ಲ. ಅದು ಮನೆಬಿಟ್ಟು ಓಡಿಹೋದವರಿಗೆ ಹೇಳುವ ಮಾತು, ಗಂಭೀರ ಬರಹಕ್ಕೆ ಹಗುರ ಅನ್ನುತ್ತಾರೆ. ನನಗೇನೂ ಹಾಗನಿಸುವುದಿಲ್ಲ. ನಿಮ್ಮ ಕಿವಿಗೆ ಹೇಗೆ ಕೇಳಿಸುತ್ತದೆ?

‘ಕಪ್ಪು ಪೆಟ್ಟಿಗೆ’ಗೆ ಸರಿಯಾದ ಮಾತು ಹೊಳೆದರೆ ತಿಳಿಸಿ, ಗಾದೆಯಾದರೂ ಆದೀತು. ಹಾಗೆಯೇ ಶಿರಸಿ, ಸಾಗರ, ತೀರ್ಥಹಳ್ಳಿ ಕಡೆಯವರಲ್ಲಿ ಒಂದು ಕೋರಿಕೆ. ಅಡಿಕೆ ಆಮದಿನ ವಿರುದ್ಧ ನಡೆದ ಸಭೆಗಳ ಹಳೆಯ ಕರಪತ್ರ ನಿಮ್ಮಲ್ಲಿದ್ದರೆ, ಸಮಾಲೋಚನೆಯ ಜಾಗದಲ್ಲಿ ಯಾವ ಪದ ಹಾಕಿದ್ದಾರೆ ನೋಡಿ ಹೇಳಿ. ಟೈಪ್ ಮಾಡಲು ಪುರುಸೊತ್ತಿಲ್ಲದಿದ್ದರೆ ಹಾಳೆಯ ಫೋಟೋ ಕಳಿಸಿದರೂ ಸಾಕು.