ಸಹಾಯ ಬೇಕು: ಶರಾವತಿಯ ಬಗ್ಗೆ ಸರಿಯಾಗಿ ವಾದಿಸಬೇಕಿದೆ

ಸಾಗರದ ಕಡೆಯ ಅಡಿಕೆ ಬೆಳೆಗಾರ ನಾನು. ಮೊನ್ನೆ ತಾಳಗುಪ್ಪ ರೈಲಿನಲ್ಲಿ ಅಪರಿಚಿತರೊಬ್ಬರ ಜೊತೆ ಶರಾವತಿ ಪಂಪ್ಡ್ ಸ್ಟೋರೇಜ್ ಯೋಜನೆಯ (ನೀರನ್ನು ಮೇಲಕ್ಕೆತ್ತಿಟ್ಟು, ಬೇಕಾದಾಗ ಕೆಳಗಿಳಿಸಿ ವಿದ್ಯುತ್ ತೆಗೆಯುವುದು) ಕುರಿತು ಮಾತು ಬೆಳೆಯಿತು. 2,000 ಮೆಗಾವಾಟ್‌ಗಾಗಿ ಸಿಂಗಳೀಕಗಳ ಕಾಡನ್ನು ಕೊರೆಯಬಾರದು, ಕೆಳಗಿನ ಗೇರುಸೊಪ್ಪೆ ಜಲಾಶಯದಿಂದ ಮೇಲಿನ ತಲಕಳಲೆ ಜಲಾಶಯಕ್ಕೆ ನೀರೆತ್ತಲು ಬೇಕಾಗುವ ವಿದ್ಯುತ್ ಮರಳಿ ಸಿಗುವುದಕ್ಕಿಂತ ಹೆಚ್ಚು ಎಂದೆ. ಅವರು, "ಹಗಲಿನ ಸೌರವಿದ್ಯುತ್ತನ್ನು ರಾತ್ರಿಗೆ ಎಲ್ಲಿ ಕೂಡಿಡುತ್ತೀರಿ?" ಎಂದರು. ಆಮೇಲೆ ನನ್ನ ಉಗುರಿನ ಸಂದಿಯಲ್ಲಿ ಉಳಿದಿದ್ದ ಬೋರ್ಡೋ ದ್ರಾವಣದ (ಅಡಿಕೆಗೆ ಸಿಂಪಡಿಸುವ ಮೈಲುತುತ್ತ-ಸುಣ್ಣದ ಮಿಶ್ರಣ) ನೀಲಿ ನೋಡಿ, "ಹಳ್ಳಕ್ಕೆ ಮೈಲುತುತ್ತ ಹರಿಸುವವರು ನೀವೇ ಅಲ್ಲವೇ?" ಎಂದು ಕೇಳಿದರು. ಉತ್ತರ ಹೊಳೆಯಲಿಲ್ಲ. ಎರಡೂ ನ್ಯಾಯವಾದ ಪ್ರಶ್ನೆಗಳೇ.

ಬ್ಯಾಟರಿ ಸಂಗ್ರಹಣೆಯ ಖರ್ಚುವೆಚ್ಚ ಬಲ್ಲವರು ದಯವಿಟ್ಟು ಕನ್ನಡದಲ್ಲಿ ವಿವರಿಸಿ. ಮೈಲುತುತ್ತದ ಬಳಕೆ ತಗ್ಗಿಸಿಯೂ ಅಡಿಕೆಯ ಕೊಳೆರೋಗ ತಡೆದವರಿದ್ದರೆ, ಮಳೆ ತಾಗದಂತೆ ಗೊನೆಗೆ ಕೊಟ್ಟೆ (ಹೊದಿಕೆ) ಕಟ್ಟಿದ ಅನುಭವವಿದ್ದರೂ ಸರಿ, ತಿಳಿಸಿ. ಮುಂದಿನ ಮಳೆಗಾಲಕ್ಕೆ ನನ್ನ ತೋಟದಲ್ಲೇ ಮೊದಲು ಮಾಡುತ್ತೇನೆ.