ಕಾಶ್ಮೀರದ ಸರೋವರಗಳ ದಾರಿ: ಐದು ದಿನ ಸಾಕಾ?

ತುಂಗಾತೀರ: ಎಲ್ಲರಿಗೂ ನಮಸ್ಕಾರ. ಆಗಸ್ಟ್ ಕೊನೆಗೆ ನಾವು ಮೂವರು ಗೆಳೆಯರು ಕಾಶ್ಮೀರದ ಗ್ರೇಟ್ ಲೇಕ್ಸ್ ಟ್ರೆಕ್‌ಗೆ ಹೊರಟಿದ್ದೇವೆ. ಸೋನಾಮಾರ್ಗ್‌ನಿಂದ ಶುರು. ವಿಷನ್‌ಸರ್, ಗಡ್‌ಸರ್, ಸತ್‌ಸರ್, ಗಂಗಾಬಲ್ ಸರೋವರಗಳನ್ನು ನೋಡಿಕೊಂಡು ನಾರಾನಾಗ್‌ಗೆ ಇಳಿಯುವುದು. ಸುಮಾರು 70 ಕಿಲೋಮೀಟರ್. ಟೆಂಟು, ಅಡುಗೆ ಸಾಮಾನು ಎಲ್ಲ ನಮ್ಮ ಬೆನ್ನ ಮೇಲೇ. ರಜೆ ಕಮ್ಮಿ, ಐದು ದಿನದಲ್ಲಿ ಮುಗಿಸೋಣ ಅಂತಿದ್ದೇವೆ. ಕುಮಾರಪರ್ವತ ಒಂದೇ ದಿನಕ್ಕೆ ಹತ್ತಿ ಇಳಿದವರು ನಾವು. ಆಗುತ್ತೆ ಅಲ್ವಾ?

ಬೆಟ್ಟದ ಬೂಟು: ಆಗುತ್ತೆ. ನಾನು ಐದೇ ದಿನದಲ್ಲಿ ಮುಗಿಸಿದ್ದೇನೆ. ಮೊದಲ ದಿನ ನಿಚ್‌ನಾಯ್, ಎರಡಕ್ಕೆ ವಿಷನ್‌ಸರ್, ಮೂರಕ್ಕೆ ಪಾಸ್ (ಬೆಟ್ಟಸಾಲು ದಾಟುವ ಎತ್ತರದ ಕಣಿವೆದಾರಿ) ದಾಟಿ ಗಡ್‌ಸರ್. ನಾಲ್ಕನೇ ದಿನ ಎರಡು ದಿನದ ದಾರಿ ಒಟ್ಟಿಗೆ ನಡೆದು ಗಂಗಾಬಲ್. ಐದಕ್ಕೆ ಇಳಿದುಬಿಡಿ. ಕಾಲಿಗೆ ಅಭ್ಯಾಸ ಇದ್ದರೆ ಸಾಕು.

ಶಿರಸಿಯವಳು: ಕಾಲಿನ ಮಾತು ಆಮೇಲೆ. ಮೊದಲು ಉಸಿರಿನ ಮಾತಾಡೋಣ, ಎತ್ತರಕ್ಕೆ ಹೋದಷ್ಟೂ ಗಾಳಿ ತೆಳು. ಕುಮಾರಪರ್ವತದ ತುದಿ 1,712 ಮೀಟರ್. ಸೋನಾಮಾರ್ಗ್‌ನಲ್ಲಿ ನೀವು ಮೊದಲ ರಾತ್ರಿ ಮಲಗುವ ಜಾಗವೇ ಅದಕ್ಕಿಂತ ಸಾವಿರ ಮೀಟರ್ ಮೇಲಿದೆ. ಗಡ್‌ಸರ್ ಪಾಸ್ ಹತ್ತಿರ ಹತ್ತಿರ 4,200 ಮೀಟರ್. ನಮ್ಮ ಮುಳ್ಳಯ್ಯನಗಿರಿಯ ಎರಡರಷ್ಟಕ್ಕಿಂತ ಜಾಸ್ತಿ.

ನಮ್ಮ ಗುಂಪಿನಲ್ಲಿ ಎಲ್ಲರಿಗಿಂತ ಗಟ್ಟಿಯಾಗಿ ನಡೆಯುತ್ತಿದ್ದವಳು ನನ್ನ ತಂಗಿ. ವಿಷನ್‌ಸರ್ ದಡದಲ್ಲಿ ಬೆಳಿಗ್ಗೆ ಶೂ ಲೇಸ್ ಕಟ್ಟೋಕೆ ಬಗ್ಗಿದಳು, ಅಲ್ಲೇ ಕೂತುಬಿಟ್ಟಳು. ತಲೆ ಸಿಡಿಯುತ್ತಿದೆ ಅಂದಳು. ಕುಡಿದ ಚಹಾ ವಾಂತಿಯಾಯಿತು. ಅವತ್ತು ಟೆಂಟು ಕೀಳಲಿಲ್ಲ. ಸಂಜೆ ಹೊತ್ತಿಗೆ ತಲೆನೋವು ಇಳಿಯಿತು. ಮಾರನೇ ದಿನವೂ ಅಲ್ಲೇ ಉಳಿದು, ಬರಿಗೈಲಿ ಮೇಲಿನ ಕೃಷನ್‌ಸರ್‌ವರೆಗೆ ನಿಧಾನ ಹೋಗಿಬಂದೆವು. ಅದರ ಮಾರನೇ ದಿನ ಪಾಸ್ ದಾಟಿದಳು. ತಲೆನೋವು ಇಳಿಯದೇ ಇದ್ದಿದ್ದರೆ ಸೋನಾಮಾರ್ಗ್‌ಗೆ ವಾಪಸ್ ಹೋಗುವುದು ಅಂತ ಮೊದಲೇ ಮಾತಾಗಿತ್ತು. ಪಾಸ್ ದಾಟಿದ ಮೇಲೆ ಹೀಗಾದರೆ? ಅಷ್ಟೇ ಎತ್ತರ ಮತ್ತೆ ಹತ್ತಬೇಕು, ಇಲ್ಲಾ ಮುಂದಿನ ಪಾಸ್ ದಾಟಬೇಕು. ಅದಕ್ಕೇ ಮೈ ಎತ್ತರಕ್ಕೆ ಒಗ್ಗಲಿ ಅಂತ ವಿಷನ್‌ಸರ್‌ನಲ್ಲಿ ಒಂದು ದಿನ ಹೆಚ್ಚಿಗೆ ಇಡಿ ಅನ್ನುತ್ತೇನೆ.

ಬೆಟ್ಟದ ಬೂಟು: ಅಕ್ಕ, ಒಪ್ಪುತ್ತೇನೆ, ಆದರೆ ಎಲ್ಲರಿಗೂ ಹಾಗಾಗಲ್ಲ. ಇನ್ನೊಂದು ದಿನ ಅಂದರೆ ಮೂರು ಜನದ ಇನ್ನೊಂದು ದಿನದ ಊಟ, ಗ್ಯಾಸ್. ಎಲ್ಲ ಹೊರುವವರು ಅವರೇ ತಾನೇ?

ಶಿರಸಿಯವಳು: ಯಾರಿಗೆ ಆಗುತ್ತೆ, ಯಾರಿಗೆ ಆಗಲ್ಲ ಅಂತ ಬೆಂಗಳೂರಲ್ಲಿ ಕೂತು ಹೇಳೋಕೆ ಆಗಲ್ಲ ತಮ್ಮಾ. ನಿನಗೆ ಏನೂ ಆಗಲಿಲ್ಲ, ಸಂತೋಷ. ಆ ಲೆಕ್ಕದ ಮೇಲೆ ಬೇರೆಯವರನ್ನು ಕಳಿಸಬೇಡ.

ಹುಬ್ಬಳ್ಳಿ ಕಾಕಾ: ಮಳೆ ಮರೆತಿರಿ. ಪೀರ್ ಪಂಜಾಲ್ ಸಾಲು ಮುಂಗಾರನ್ನು ತಡೆಯುತ್ತದೆ, ನಮ್ಮ ಮಲೆನಾಡಿನಂತೆ ಹಗಲೂ ರಾತ್ರಿ ಸುರಿಯುವುದಿಲ್ಲ. ಆದರೂ ಬಂದರೆ ಬರುತ್ತದೆ. ಸತ್‌ಸರ್ ದಾಟಿದ ಮೇಲೆ ದೊಡ್ಡ ದೊಡ್ಡ ಬಂಡೆ, ಒಂದರಿಂದ ಒಂದಕ್ಕೆ ಕಾಲಿಡುತ್ತ ಹೋಗಬೇಕು. ನಾನು ಜಿನುಗು ಮಳೆಯಲ್ಲಿ ದಾಟಿದ್ದೇನೆ. ಬೆನ್ನ ಮೇಲೆ 18 ಕೆಜಿ. ಚೀಲ ಒಂದು ಕಡೆ ಎಳೆಯುತ್ತದೆ, ಕಾಲು ಇನ್ನೊಂದು ಕಡೆ ಜಾರುತ್ತದೆ. ಅಂಥ ದಿನ ಟೆಂಟಿನಲ್ಲೇ ಇರಲು ಕೈಯಲ್ಲಿ ಒಂದು ದಿನ ಬೇಕು. ಐದು ದಿನದ ಪ್ಲಾನ್‌ನಲ್ಲಿ ಅದೆಲ್ಲಿದೆ?

ಭಾರದ ಚಿಂತೆಯಿದ್ದರೆ ಸೋನಾಮಾರ್ಗ್‌ನಲ್ಲೇ ಒಂದು ಕುದುರೆ ಮಾತಾಡಿ. ಕುದುರೆಯವರಿಗೆ ದಾರಿ ಗೊತ್ತು, ಹವಾ ಗೊತ್ತು.

ಬೆಟ್ಟದ ಬೂಟು: ಕಾಕಾ, ಕುದುರೆ ವಿಷಯದಲ್ಲಿ ನಾನು ಒಪ್ಪಲ್ಲ. ನಮ್ಮ ಮನೆ ನಾವೇ ಹೊತ್ತು ನಡೆಯುವುದರಲ್ಲೇ ಇದರ ಖುಷಿ ಇರೋದು. ಭಾರ ಇಳಿಸೋದು ಕಲಿಯಲಿ. ಮಳೆ ಮಾತು ಮಾತ್ರ ಸರಿ. ನನಗೆ ಐದೂ ದಿನ ಬಿಸಿಲಿತ್ತು, ಅದು ನನ್ನ ಅದೃಷ್ಟ.

ಶಿರಸಿಯವಳು: ಭಾರ ಇಳಿಸೋದು ಅಡುಗೆಯಿಂದ ಶುರುವಾಗಲಿ. ಅಷ್ಟು ಎತ್ತರದಲ್ಲಿ ನೀರು 88 ಡಿಗ್ರಿ ಆಸುಪಾಸಿನಲ್ಲೇ ಕುದಿಯುತ್ತದೆ. ತೊಗರಿಬೇಳೆ ಬೇಯೋಕೆ ತುಂಬಾ ಹೊತ್ತು ಬೇಕು, ಸುಮ್ನೆ ಗ್ಯಾಸ್ ಖಾಲಿ. ಅವಲಕ್ಕಿ, ಹುರಿದ ರವೆ, ಶೇಂಗಾ ಚಟ್ನಿಪುಡಿ ಒಯ್ಯಿರಿ. ಅವಲಕ್ಕಿಗೆ ಬಿಸಿನೀರು ಸುರಿದು ಮುಚ್ಚಿಟ್ಟರೆ ಊಟ ಆಯ್ತು.

ಹುಬ್ಬಳ್ಳಿ ಕಾಕಾ: ಖಡಕ್ ರೊಟ್ಟಿನೂ ಇರಲಿ. ಪುಡಿಯಾದರೂ ಬಿಸಾಡಬೇಡಿ, ಬಿಸಿ ಸೂಪಿಗೆ ಹಾಕಿ. ಗ್ಯಾಸ್ ಕ್ಯಾನ್ ವಿಮಾನದಲ್ಲಿ ಬಿಡುವುದಿಲ್ಲ, ಶ್ರೀನಗರದಲ್ಲೇ ಕೊಳ್ಳಬೇಕು. ಇನ್ನೊಂದು, 2025ರ ಏಪ್ರಿಲ್‌ನಲ್ಲಿ ಪಹಲ್ಗಾಮ್ ದಾಳಿ ಆದಮೇಲೆ ಅಲ್ಲಿ ಹಲವು ತಾಣ ಮುಚ್ಚಿದ್ದರು. ಟಿಕೆಟ್ ಮಾಡುವ ಮೊದಲು ದಾರಿ ತೆರೆದಿದೆಯಾ ಕೇಳಿಕೊಳ್ಳಿ. ಸೇನೆಯವರು ಮಧ್ಯೆ ತಪಾಸಣೆ ಮಾಡುತ್ತಾರೆ, ಮೂಲ ಆಧಾರ್ ಕಾರ್ಡ್ ಕೈಗೆ ಸಿಗುವಂತಿರಲಿ.

ತುಂಗಾತೀರ: ಅಕ್ಕ, ಕಾಕಾ, ಮೂವರೂ ಕೂತು ಮಾತಾಡಿದೆವು. ಇನ್ನೆರಡು ದಿನ ರಜೆ ಕೇಳುತ್ತೇವೆ. ಒಂದು ದಿನ ವಿಷನ್‌ಸರ್‌ಗೆ, ಒಂದು ಮಳೆಗೆ. ರಜೆ ಸಿಗದಿದ್ದರೆ ಈ ವರ್ಷ ವಿಷನ್‌ಸರ್, ಕೃಷನ್‌ಸರ್ ನೋಡಿ ಅದೇ ದಾರಿಯಲ್ಲಿ ಸೋನಾಮಾರ್ಗ್‌ಗೆ ವಾಪಸ್. ಕುದುರೆ ಮಾತ್ರ ಇನ್ನೂ ತೀರ್ಮಾನ ಆಗಿಲ್ಲ. ಒಬ್ಬ ಬೇಕು ಅಂತಾನೆ, ಇಬ್ಬರು ಬೇಡ ಅಂತೇವೆ.

ಹುಬ್ಬಳ್ಳಿ ಕಾಕಾ: ಈ ಭಾನುವಾರ ಚೀಲ ಪೂರ್ತಿ ತುಂಬಿಕೊಂಡು ಕೊಡಚಾದ್ರಿ ಹತ್ತಿ ನೋಡಿ. ಆಮೇಲೆ ಆ ಇಬ್ಬರನ್ನು ಮತ್ತೊಮ್ಮೆ ಕೇಳಿ.